ಚಿಪ್ಸ್ ಬಿಲ್ಲೆಗೂ ಒಂದು ಅಳತೆ ಬೇಕು

ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಆಲೂಗಡ್ಡೆ ಚಿಪ್ಸ್ ಮಾಡುವ ಬಗೆ ಬಂದಿತ್ತು. ಫೋಟೊ ಚೆನ್ನಾಗಿತ್ತು. ಬರಹದಲ್ಲಿ ಇದ್ದದ್ದು ಇಷ್ಟೇ: ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಸ್ವಲ್ಪ ಹೊತ್ತು ಬಿಡಿ, ಹದವಾಗಿ ಕಾದ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಕರಿಯಿರಿ. ಕೈ ಪಳಗಿದವರಿಗೆ ಇದು ಸಾಕು. ಆದರೆ ಅವರು ಪುರವಣಿ ನೋಡಿಕೊಂಡು ಚಿಪ್ಸ್ ಮಾಡುವುದಿಲ್ಲ, ಅಲ್ವಾ? ನೋಡುವವರು ನನ್ನಂಥವರು.

ನಾನು ಲೇತ್ ಮಷೀನಿನಲ್ಲಿ ದುಡಿದು ನಿವೃತ್ತನಾದವನು. ಡ್ರಾಯಿಂಗ್‌ನಲ್ಲಿ ಅಳತೆ ಇಲ್ಲದಿದ್ದರೆ ಮಷೀನ್ ಚಾಲೂ ಮಾಡುತ್ತಿರಲಿಲ್ಲ. ಆ ಅಭ್ಯಾಸ ಅಡುಗೆಮನೆಗೂ ಬಂದಿದೆ. ಬಿಲ್ಲೆಯ ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ನೋಡುತ್ತೇನೆ. (ಅಡುಗೆಗೆಂದೇ ಬೇರೆ ಕ್ಯಾಲಿಪರ್ ಇಟ್ಟಿದ್ದೇನೆ. ಇಲ್ಲದಿದ್ದರೆ ನನ್ನ ಹೆಂಡತಿ ಒಳಗೆ ಬಿಡುತ್ತಿರಲಿಲ್ಲ.) 1.2ರಿಂದ 1.5 ಮಿ.ಮೀ. ಸರಿಯಾದ ದಪ್ಪ. 2 ಮಿ.ಮೀ. ದಾಟಿದರೆ ಅಂಚು ಕೆಂಪಾದರೂ ನಡು ಮೆತ್ತಗೆ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಎಲ್ಲ ಬಿಲ್ಲೆಗಳೂ ಒಂದೇ ದಪ್ಪ ಇರಬೇಕು. ಚಾಕುವಿನಲ್ಲಿ ಇದು ಕಷ್ಟ. ಸ್ಲೈಸರ್ ಬೇಕು, ಅದರ ಜೊತೆ ಬರುವ ಹಿಡಿಕೆಯನ್ನು ಬಳಸುವ ಬುದ್ಧಿಯೂ ಬೇಕು.

ಉಪ್ಪು ಸವರಿ ಬಿಡಿ ಅನ್ನುವುದನ್ನು ಮಾತ್ರ ಒಪ್ಪಲಾರೆ. ಉಪ್ಪು ಗಡ್ಡೆಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಒದ್ದೆ ಬಿಲ್ಲೆ ಬಾಣಲೆಗೆ ಬಿದ್ದರೆ ಎಣ್ಣೆ ಕೈಗೆ ಸಿಡಿಯುತ್ತದೆ. ಕರಿದು ತೆಗೆದ ಕೂಡಲೇ, ಮೇಲೆ ಎಣ್ಣೆಯ ಪಸೆ ಇರುವಾಗಲೇ ಉಪ್ಪು ಉದುರಿಸಿದರೆ ಚೆನ್ನಾಗಿ ಅಂಟುತ್ತದೆ.

ಚಿಪ್ಸ್ ಅಂದರೆ ಪೂರ್ತಿ ನೀರಿನ ವ್ಯವಹಾರ. ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ. ಗರಿಗರಿಯಾದ ಚಿಪ್ಸ್‌ನಲ್ಲಿ ಉಳಿಯುವುದು ನೂರಕ್ಕೆ ಎರಡು ಪಾಲಿನಷ್ಟು. ಉಳಿದದ್ದೆಲ್ಲ ಆವಿಯಾಗಿ ಹೋಗಬೇಕು. ಬಾಣಲೆಯಲ್ಲಿ ಕಾಣುವ ಗುಳ್ಳೆಗಳು ಆ ಆವಿಯೇ. ಹಾಗಾಗಿ ಬಣ್ಣ ಬರಲಿ ಎಂದು ಕಾಯುವುದು ತಪ್ಪು. ಗುಳ್ಳೆ ಕಡಿಮೆಯಾಗಿ, ಚರಚರ ಸದ್ದು ಇಳಿಯಿತು ಅಂದರೆ ಒಳಗೆ ನೀರು ಮುಗಿಯಿತು. ಆಗ ತೆಗೆದುಬಿಡಬೇಕು. ತಿಳಿ ಹಳದಿ ಇದ್ದರೂ ತೆಗೆಯಬೇಕು. ಆರಿದ ಮೇಲೆ ಇನ್ನಷ್ಟು ಗರಿಯಾಗುತ್ತದೆ.

ಕಂದು ಬಣ್ಣದ ಬಗ್ಗೆ ಇನ್ನೊಂದು ತಕರಾರು. 120 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಡ್ಡೆಯಲ್ಲಿರುವ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸೇರಿ ಅಕ್ರಿಲಮೈಡ್ ಆಗುತ್ತದೆ. ಕರಿದ ಆಲೂಗಡ್ಡೆಯಂಥ ತಿನಿಸುಗಳಲ್ಲಿ ಇದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಕ್ಯಾನ್ಸರ್ ಬಂದದ್ದಿದೆ. ಬಣ್ಣ ಗಾಢವಾದಷ್ಟೂ ಇದು ಜಾಸ್ತಿ. ಹೆದರಿ ಚಿಪ್ಸ್ ಬಿಡಿ ಅನ್ನುತ್ತಿಲ್ಲ, ನಾನೇ ಬಿಟ್ಟಿಲ್ಲ. ಆದರೆ ಪತ್ರಿಕೆಯೇ ಕಂದಾಗಿಸಿ ಎಂದು ಬರೆಯುವುದು ಬೇಡ.

ಕೆಲವರ ಚಿಪ್ಸ್ ಎಷ್ಟು ಹುಷಾರಾಗಿ ಕರಿದರೂ ಬೇಗ ಕೆಂಪಾಗುತ್ತದೆ, ಕಹಿಯೂ ಆಗುತ್ತದೆ. ಪಾಪ, ಉರಿಯನ್ನೋ ಎಣ್ಣೆಯನ್ನೋ ಬೈಯುತ್ತಾರೆ. ಗಡ್ಡೆ ಎಲ್ಲಿತ್ತು ಎಂದು ಮೊದಲು ಕೇಳಬೇಕು. ವಾರಗಟ್ಟಲೆ ಫ್ರಿಜ್‌ನಲ್ಲಿದ್ದ ಗಡ್ಡೆಯಲ್ಲಿ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತದೆ. ಕೆಂಪಾಗುವುದಕ್ಕೆ ಆ ಸಕ್ಕರೆಯೇ ಕಾರಣ. ಗಡ್ಡೆಗೆ ಗಾಳಿಯಾಡುವ, ಕತ್ತಲೆಯ ಜಾಗ ಸಾಕು. ಬೆಳಕಿಗೆ ಬಿದ್ದು ಹಸಿರಾಗಿದ್ದರೆ, ಕಹಿಯಿದ್ದರೆ ಬಿಸಾಡಿ. ಅದರಲ್ಲಿ ಸೋಲನೈನ್ ಎಂಬ ವಿಷ ಇರುತ್ತದೆ, ಕರಿದರೂ ಅದು ಹೋಗುವುದಿಲ್ಲ.

ಹೆಚ್ಚಿದ ಬಿಲ್ಲೆಗಳನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬೆಳ್ಳಗೆ ಬರುವುದು ಪಿಷ್ಟ. ಅದು ಉಳಿದರೆ ಬಿಲ್ಲೆಗಳು ಒಂದಕ್ಕೊಂದು ಅಂಟುತ್ತವೆ. ತೊಳೆದಾಗ ಮೇಲಿನ ಸಕ್ಕರೆಯೂ ಒಂದಿಷ್ಟು ಹೋಗುತ್ತದೆ. ಇನ್ನೂ ಅಚ್ಚುಕಟ್ಟು ಬೇಕೆನ್ನುವವರು ಒಂದು ಲೀಟರ್ ಕುದಿಯುವ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿ, ಬಿಲ್ಲೆಗಳನ್ನು ಮೂರು ನಿಮಿಷ ಬೇಯಿಸಿ ತೆಗೆಯಲಿ. ಹುಳಿ ಇರುವುದರಿಂದ ಬಿಲ್ಲೆ ಕರಗಿ ಮುದ್ದೆಯಾಗುವುದಿಲ್ಲ. ಆಮೇಲೆ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಬೇಕು. ಎಲ್ಲರಿಗೂ ಬೇಸರ ಬರುವ ಕೆಲಸ ಇದೇ. ಇಲ್ಲಿ ಅವಸರ ಮಾಡಿದವರ ಚಿಪ್ಸ್ ಎಣ್ಣೆ ಕುಡಿದು ಜೋತುಬೀಳುತ್ತದೆ.

ಎಣ್ಣೆ 170ರಿಂದ 180 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಬಿಲ್ಲೆ ಹಾಕಿ ನೋಡಿ. ಮುಳುಗಿ, ಗುಳ್ಳೆಯೆಬ್ಬಿಸುತ್ತಾ ಕೂಡಲೇ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಒಂದೇ ಸಲಕ್ಕೆ ತುಂಬಾ ಸುರಿದರೆ ಎಣ್ಣೆ ತಣ್ಣಗಾಗುತ್ತದೆ, ಮತ್ತೆ ಅದೇ ಜೋಲುಮೋರೆ ಚಿಪ್ಸ್. ಹೊಗೆಯಾಡಿದರೆ ಉರಿ ಆರಿಸಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಬೇಕು. ಈ ಎರಡು ಸಾಲಾದರೂ ಕರಿಯುವ ಪ್ರತಿ ರೆಸಿಪಿಯ ಕೆಳಗೆ ಇರಲಿ.

ಫಿಂಗರ್ ಚಿಪ್ಸ್ ದಪ್ಪ ಇರುವುದರಿಂದ ಎರಡು ಸಲ ಕರಿಯಬೇಕು. ಮೊದಲು 150 ಡಿಗ್ರಿಯಲ್ಲಿ ಬಣ್ಣ ಬಾರದಂತೆ ಒಳಗೆ ಬೇಯಿಸಿ ಆರಲು ಬಿಡಿ. ಆಮೇಲೆ 180ರಲ್ಲಿ ಎರಡು ಮೂರು ನಿಮಿಷ.

ಇದನ್ನೆಲ್ಲ ಹಾಕಿದರೆ ಫೋಟೊ ಸ್ವಲ್ಪ ಚಿಕ್ಕದಾಗುತ್ತದೆ, ಆಗಲಿ ಬಿಡಿ. ಮುಂದಿನ ಸಲ ಮಿಲಿಮೀಟರ್, ಡಿಗ್ರಿ, ನಿಮಿಷ ಕೊಡಿ. ಉಪ್ಪನ್ನು ಬೇಕಾದರೆ ‘ರುಚಿಗೆ ತಕ್ಕಷ್ಟು’ ಎಂದೇ ಬರೆಯಿರಿ, ಅದಕ್ಕೆ ನನ್ನ ತಕರಾರಿಲ್ಲ.

ಇಂತಿ,
ಪುರವಣಿ ಓದುವ ಒಬ್ಬ ನಿವೃತ್ತ ಟರ್ನರ್