ಮಗಳಿಗೊಂದು ಪತ್ರ: ಆ ಕರಿದಾರ ಕಟ್ಟಿದ ಕೈ

ಮಂಡ್ಯ,
ಭಾನುವಾರ ರಾತ್ರಿ

ಮಗಳೇ,

ಒಗೆಯೋಣ ಅಂತ ನೀನು ಬಿಟ್ಟುಹೋದ ಬ್ಯಾಗು ಕೊಡವಿದೆ. ಶೂನ್ಯ ಟಿಕೆಟ್ಟುಗಳು ಉದುರಿದವು. ಮೈಸೂರಿಂದ ನಂಜನಗೂಡು, ನಂಜನಗೂಡಿಂದ ಗುಂಡ್ಲುಪೇಟೆ, ಎಲ್ಲಾ ಮೂರು ಮೂರು. ಹಾಸ್ಟೆಲಿನಲ್ಲೇ ಇದ್ದು ಓದ್ಕೋತೀನಿ ಅಂದಿದ್ದ ಭಾನುವಾರಗಳದ್ದೇ ತಾರೀಖು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಬಿಟ್ಟಿ ಆಗದಿದ್ದರೆ ಮಕ್ಕಳ ಮನೆಯಲ್ಲಿ ಬೆಳೆದ ಆ ಇಬ್ಬರು ಹುಡುಗಿಯರ ಜೊತೆ ಇಷ್ಟು ಊರು ಅಲೆಯೋಕೆ ನಿಮಗೆಲ್ಲಿತ್ತು ದುಡ್ಡು? ಬೈಯೋಕೆ ಬರೀತಿಲ್ಲ ಕಣವ್ವ. ಫೋನಿನಲ್ಲಾದರೆ ಅಳು ಬಂದುಬಿಡುತ್ತೆ, ಅದಕ್ಕೆ ಕಾಗದ.

ನೀನು ನನ್ನ ಹೊಟ್ಟೇಲಿ ಹುಟ್ಟಿದವಳಲ್ಲ ಅನ್ನೋದನ್ನ ನಾವು ಯಾವತ್ತೂ ಮುಚ್ಚಿಡಲಿಲ್ಲ. ಆದರೆ ಒಂದು ವಸ್ತುವನ್ನ ನಾನು ಮುಚ್ಚಿಟ್ಟೆ. ನಿನ್ನನ್ನ ಮನೆಗೆ ತಂದ ದಿನ ನಿನ್ನ ಎಡಗೈಯಲ್ಲಿ ಒಂದು ಕರಿದಾರ ಇತ್ತು. ಎರಡು ದೃಷ್ಟಿಮಣಿ, ನಡುವೆ ಒಂದು ಬಜೆ ಚೂರು. "ಬರುವಾಗಲೇ ಕಟ್ಟಿತ್ತು, ನಾವು ಬಿಚ್ಚಲಿಲ್ಲ" ಅಂದರು ದತ್ತು ಕೇಂದ್ರದ ಆಯಾ. ಕೂಸಿನ ಚರ್ಮಕ್ಕೆ ಒತ್ತಬಾರದು ಅಂತ ಗಂಟನ್ನ ಹೊರಮಗ್ಗುಲಿಗೆ ಹಾಕಿದ್ದರು. ಆ ಗಂಟು ನೋಡಿ ನನಗೆ ಹೊಟ್ಟೆ ಉರೀತು. ನನಗಿಂತ ಮುಂಚೆ, ನಿನಗೆ ಕಣ್ಣು ತಾಕೀತು ಅಂತ ಹೆದರಿದವಳು ಒಬ್ಬಳಿದ್ದಳಲ್ಲ! ಕೈ ತುಂಬಿಕೊಂಡು ದಾರ ಬಿಗಿಯಾದಾಗ ಕತ್ತರಿಸಿ ಅರಿಶಿನದ ಡಬ್ಬಿಯಲ್ಲಿಟ್ಟೆ. 19 ವರ್ಷ ತೋರಿಸಲಿಲ್ಲ. ತಪ್ಪಾಯ್ತು. ಇದೇ ಲಕೋಟೆಯಲ್ಲಿದೆ, ತಗೋ.

ಹೆತ್ತವಳನ್ನ ಹುಡುಕು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನ ಕೇಳ್ತಾ ಮಾತ್ರ ಅಲೀಬೇಡ. 18 ತುಂಬಿದವಳು ನೀನೇ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ತನ್ನ ಗುರುತು ಹೇಳಬೇಡಿ ಅಂತ ಅವಳು ಬರೆದುಕೊಟ್ಟು ಹೋಗಿದ್ದರೆ, ಅವಳು ಒಪ್ಪದೆ ಹೆಸರು ವಿಳಾಸ ಕೊಡೋದಿಲ್ಲ. ನಿನಗೆ ಕಷ್ಟ ಆಗಬಹುದು, ಆದರೂ ಅದು ಸರಿ ಅಂತಲೇ ನನಗನ್ನಿಸುತ್ತೆ. ಅವಳೀಗ ಯಾವ ಮನೆಯಲ್ಲಿ, ಯಾರಿಗೂ ಏನೂ ಹೇಳದೆ ಬದುಕ್ತಿದ್ದಾಳೋ. ಕೋರ್ಟಿನ ದತ್ತು ಆದೇಶ ಜೆರಾಕ್ಸ್ ಮಾಡಿಸಿಟ್ಟಿದ್ದೀನಿ.

ನಿನಗೆ ಆ ಕಾಗದವಾದರೂ ಇದೆ. ಆ ಇಬ್ಬರದ್ದೇ ನನಗೆ ಸಂಕಟ. ದೀಪಾವಳಿಗೆ ಬಂದಿದ್ದಾಗ ಚಿಕ್ಕವಳು ತಟ್ಟೆ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದಳು, ಸಾಲಲ್ಲಿ ನಿಂತ ಹಾಗೆ. "ಕೂತ್ಕೋ ಮಗಾ, ಅಲ್ಲೇ ಬಡಿಸ್ತೀನಿ" ಅಂದರೆ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದಳು. 18 ಆಯ್ತು ಅಂತ ಮಕ್ಕಳ ಮನೆಯಿಂದ ಹೊರಗೆ ಬಂದವರಿಗೆ 21ರವರೆಗೆ ಅನುಪಾಲನೆ, ಅಂದರೆ ಓದಿಗೆ, ದುಡಿಮೆಗೆ ನೆರವು, ಕೊಡಬಹುದು ಅಂತ ಕಾನೂನಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಾನೇ ಜೊತೇಲಿ ಬರ್ತೀನಿ. ಅವಳ ಆಧಾರಿನಲ್ಲಿ ಇನ್ನೂ ಆ ಹಳೇ ವಿಳಾಸವೇ ಇದೆಯಂತೆ. ನಮ್ಮನೆ ವಿಳಾಸ ಹಾಕಿಸ್ಕೊಳ್ಳಲಿ, ಎಲ್ಲಿ ಸಹಿ ಬೇಕೋ ಹಾಕ್ತೀನಿ ಅಂದರು ನಿಮ್ಮಪ್ಪ.

ಮುಂದಿನ ಸಲ ಹೇಳಿ ಹೊರಡು. ಮೂರು ಬುತ್ತಿ ಕಟ್ಟಿಕೊಡ್ತೀನಿ. ಚಿಕ್ಕವಳಿಗೆ ಹುಚ್ಚೆಳ್ಳು ಪುಡಿ ರುಚಿ ಹತ್ತಿತ್ತು, ಈ ಸಲ ಜಾಸ್ತಿ ಕುಟ್ಟಿದ್ದೀನಿ.

ನಿನ್ನ
ಅಮ್ಮ