ಮಗಳಿಗೊಂದು ಪತ್ರ: ಟ್ರೇಲರ್ ಕಿತ್ತು ಹೊರಡುವ ದಿನ

ಪುಟ್ಟೀ,

ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ಅಮೆರಿಕದ ಯೂಟಾ ರಾಜ್ಯದಲ್ಲಿ, ಬ್ರೈಸ್ ಕ್ಯಾನ್ಯನ್ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಪುಟ್ಟ ಮನೆ, ಈ ಟ್ರೇಲರ್ ನಿಲ್ಲಿಸಿಕೊಂಡಿದ್ದೇವೆ. ಇಲ್ಲಿ ಸೆಪ್ಟೆಂಬರ್ ಕೊನೆಗೇ ಬೆಳಗಿನ ಚಳಿ ಮೂಳೆಗೆ ಇಳಿಯುತ್ತೆ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಎರಡನೇ ಲೋಟ ಕಾಫಿ ಕುಡಿಯುತ್ತಿದ್ದಾರೆ.

ನಿನ್ನೆ ನಮ್ಮ ಫೋನ್ ಸಿಗದೆ ನೀನು ತುಂಬ ಗಾಬರಿಯಾದೆ ಅಂತ ಗೊತ್ತು. ಕೊನೆಗೆ ಸಿಕ್ಕಾಗ ನಿನ್ನ ದನಿ ನಡುಗುತ್ತಿತ್ತು. ‘ಈ ವಯಸ್ಸಲ್ಲಿ ಯಾಕಮ್ಮಾ ಇದೆಲ್ಲ, ಟ್ರೇಲರ್ ಮಾರಿಬಿಡಿ’ ಅಂದೆ. ಬೌಲ್ಡರ್ ಊರಿನಿಂದ ಎಸ್ಕಲಾಂಟೆವರೆಗೆ ಹೆಚ್ಚುಕಡಿಮೆ ದಾರಿಯುದ್ದಕ್ಕೂ ಸಿಗ್ನಲ್ ಇಲ್ಲ, ಅಷ್ಟೇ ಆಗಿದ್ದು. ಆದರೆ ನಿನ್ನ ಮಾತಿಗೆ ಫೋನಿನಲ್ಲಿ ಎರಡು ಮಾತಾಡಿ ಸುಮ್ಮನಾಗುವುದು ಸರಿ ಅನ್ನಿಸಲಿಲ್ಲ. ನಾವು ಹೊರಡುವ ದಿನ ಹೇಗಿರುತ್ತೆ ಅಂತ ನೀನು ನೋಡೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ದಿನ ನಾವಿದ್ದದ್ದು ಕ್ಯಾಪಿಟಲ್ ರೀಫ್ ಪಾರ್ಕಿನ ಒಳಗಿರುವ ಫ್ರೂಟಾದಲ್ಲಿ. 1880ರ ದಶಕದಲ್ಲಿ ಮಾರ್ಮನ್ ಪಂಥದ ಕುಟುಂಬಗಳು ಬಂದು ಕೆಂಪು ಬಂಡೆಗಳ ನಡುವೆ ಹಣ್ಣಿನ ತೋಟ ಮಾಡಿದ ಜಾಗ. ಆ ತೋಟಗಳನ್ನು ಈಗ ಪಾರ್ಕಿನವರು ನೋಡಿಕೊಳ್ಳುತ್ತಾರೆ. ಸೇಬು ಕಿತ್ತು ಅಲ್ಲೇ ತಿಂದರೆ ದುಡ್ಡಿಲ್ಲ, ಒಯ್ಯುವುದಾದರೆ ತೂಕ ಮಾಡಿ ಡಬ್ಬಿಗೆ ದುಡ್ಡು ಹಾಕಬೇಕು. ನಮ್ಮಿಬ್ಬರಿಗೂ ಪಾರ್ಕುಗಳ ಸೀನಿಯರ್ ಪಾಸ್ ಇದೆ ಅಲ್ವಾ, 62 ತುಂಬಿದವರಿಗೆ 80 ಡಾಲರಿಗೆ ಜೀವನಪೂರ್ತಿ ಕೊಡುವುದು. ಅದರಿಂದ ಕ್ಯಾಂಪಿನ ಬಾಡಿಗೆಯೂ ಅರ್ಧಕ್ಕೆ ಇಳಿಯಿತು. ಟ್ರೇಲರಿಗೆ ಕರೆಂಟು ಕೊಡುವ ಹುಕಪ್ ಅಲ್ಲಿಲ್ಲ. ಸೋಲಾರ್, ಬ್ಯಾಟರಿ, ಗ್ಯಾಸ್‌ನಲ್ಲೇ ಕಳೆದೆವು.

ಹೊರಡುವ ದಿನ ನಾವು ಮಾತು ಕಡಿಮೆ ಮಾಡುತ್ತೇವೆ. ಜಗಳವೇನೂ ಇಲ್ಲ, ಕೆಲಸ ತಪ್ಪಬಾರದು ಅಂತ. ಅಡುಗೆಮನೆ ಕಪಾಟುಗಳಿಗೆ ಚಿಲಕ, ಫ್ರಿಜ್ಜಿಗೆ ಬೀಗ, ಗ್ಯಾಸ್ ಬಂದ್, ಗೋಡೆಯಿಂದ ಹೊರಗೆ ಚಾಚಿದ ಕೋಣೆಯ ಭಾಗ, ಅಂದರೆ ಸ್ಲೈಡ್, ಒಳಕ್ಕೆ. ಆಮೇಲೆ ಹಿಚ್ ಮಾಡುವುದು, ಅಂದರೆ ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವುದು. ಅಪ್ಪ ಟ್ರಕ್ಕನ್ನು ಇಂಚಿಂಚಾಗಿ ಹಿಂದಕ್ಕೆ ತರುತ್ತಾರೆ. ಅವರ ಮೊಣಕಾಲು ಬಗ್ಗುವುದಿಲ್ಲ, ಆದ್ದರಿಂದ ಕೆಳಗೆ ಕೂರುವ ಕೆಲಸವೆಲ್ಲ ನನ್ನದು. ಹಿಚ್ಚಿನ ಗುಂಡಿನ ಮೇಲೆ ಟ್ರೇಲರ್ ಕೂತ ಮೇಲೆ ಬಾಗಿ ನೋಡುತ್ತೇನೆ. ಲಾಕ್ ಬಿದ್ದಿದೆಯಾ, ಪಿನ್ ಹಾಕಿದೆಯಾ, ಎರಡು ಸರಪಳಿ ಒಂದರ ಮೇಲೊಂದು ಅಡ್ಡ ಬಂದಿವೆಯಾ. ಜೊತೆಗೆ ಒಂದು ಸಣ್ಣ ತಂತಿ ಇರುತ್ತೆ. ಅಕಸ್ಮಾತ್ ಟ್ರೇಲರ್ ಕಳಚಿಕೊಂಡರೆ ಆ ತಂತಿ ಒಂದು ಪಿನ್ ಎಳೆದು ಟ್ರೇಲರಿನ ಬ್ರೇಕನ್ನು ತಾನಾಗಿ ಹಾಕುತ್ತದೆ. ಅದನ್ನು ನಾನು ಕೈಯಿಂದ ಮುಟ್ಟಿಯೇ ನೋಡುತ್ತೇನೆ. ಆಮೇಲೆ ಅಪ್ಪ ಇಳಿದು ಬಂದು ನಾನು ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ನನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಇಬ್ಬರೂ ನೋಡದೆ ಚಕ್ರ ಉರುಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ಕೊನೆಗೆ ಟ್ರೇಲರಿನ ಬ್ರೇಕ್ ಹಿಡಿದು ಟ್ರಕ್ಕನ್ನು ಒಂಚೂರು ಮುಂದಕ್ಕೆ ಜಗ್ಗಿ ನೋಡುತ್ತೇವೆ.

ದಾರಿಯಲ್ಲೇ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್. ಮೊದಲು ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕ್, ಆಮೇಲೆ ಪಾತ್ರೆ-ಸ್ನಾನದ ನೀರಿನ ಗ್ರೇ ಟ್ಯಾಂಕ್. ಆ ಸೋಪಿನ ನೀರೇ ಪೈಪ್ ತೊಳೆದುಕೊಂಡು ಹೋಗುತ್ತೆ. ಅದನ್ನು ಅಪ್ಪ ಒಬ್ಬರೇ ಮಾಡುತ್ತಾರೆ, ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಗ್ಲೌಸ್ ಕಳಚಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದ ಮೇಲೇ ಸ್ಟೀರಿಂಗ್ ಮುಟ್ಟುವುದು.

ಟಾರಿ ಊರಿನಿಂದ ಹೈವೇ 12 ಹಿಡಿದೆವು. ಬ್ರೈಸ್‌ಗೆ ಸುಮಾರು 120 ಮೈಲಿ. ಕಾರಿನವರು ಮೂರು ಗಂಟೆಯೊಳಗೆ ಮುಗಿಸುತ್ತಾರೆ, ನಮಗೆ ಅರ್ಧ ದಿನಕ್ಕಿಂತ ಜಾಸ್ತಿ. ದಿನಕ್ಕೆ 300 ಮೈಲಿ ದಾಟಬಾರದು, ಮಧ್ಯಾಹ್ನ ಮೂರು ಗಂಟೆಯೊಳಗೆ ಕ್ಯಾಂಪ್ ಸೇರಬೇಕು, ಹೋದ ಕಡೆ ಮೂರು ದಿನವಾದರೂ ಇರಬೇಕು ಅಂತ ಆರ್‌ವಿಯವರಲ್ಲಿ, ಅಂದರೆ ನಮ್ಮ ಹಾಗೆ ಗಾಡಿಮನೆಯಲ್ಲಿ ತಿರುಗುವವರಲ್ಲಿ, ಒಂದು ಮಾತಿದೆ. ನಮಗೆ ಅಷ್ಟು ಮೈಲಿಯೂ ಬೇಡ.

ಬೌಲ್ಡರ್ ಬೆಟ್ಟದ ರಸ್ತೆ 9,600 ಅಡಿವರೆಗೆ ಏರುತ್ತೆ. ಆಸ್ಪೆನ್ ಮರಗಳು ಹಳದಿಯಾಗಿದ್ದವು, ಪುಟ್ಟಿ. ಇಳಿಜಾರು ಪೂರ್ತಿ ಕೆಳಗಿನ ಗೇರಿನಲ್ಲೇ ಇಳಿದೆವು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಕೆಳಗೆ ಬೌಲ್ಡರ್ ಊರು. ಒಂದು ಕಾಲದಲ್ಲಿ ಅಲ್ಲಿಗೆ ಟಪಾಲು ಹೇಸರಗತ್ತೆ ಮೇಲೆ ಬರುತ್ತಿತ್ತಂತೆ. ಅದು ದಾಟಿದರೆ ಹಾಗ್‌ಬ್ಯಾಕ್. ಎರಡೂ ಕಡೆ ಕಣಿವೆ, ನಡುವೆ ಏಣಿನ ಮೇಲೆ ರಸ್ತೆ. ನೀನು ಹೆದರುವುದು ಇಂಥ ಜಾಗಕ್ಕೇ ಅಂತ ನನಗೆ ಗೊತ್ತು. ಅಲ್ಲಿ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಮೈಯೆಲ್ಲ ಕಣ್ಣಾಗಿಸಿಕೊಂಡು ನಿಧಾನವಾಗಿ ಬಂದೆ. ಹಿಂದೆ ಕಾರುಗಳು ಸಾಲುಗಟ್ಟಿದಾಗ ಅಗಲವಾದ ಜಾಗ ನೋಡಿ ಬದಿಗೆ ಹಾಕಿ ಎಲ್ಲರನ್ನೂ ಮುಂದೆ ಬಿಟ್ಟೆ. ಅಪ್ಪ ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಹೇಳುತ್ತಿದ್ದರು. ಎಸ್ಕಲಾಂಟೆ ಸೇರಿದ ಮೇಲೆ ಪುಳಿಯೋಗರೆ ತಿಂದು, ಅರ್ಧ ಗಂಟೆ ಕಣ್ಣು ಮುಚ್ಚಿ ಒರಗಿಕೊಂಡೆವು.

ಇಲ್ಲಿ ಬಂದ ಮೇಲೆ ಟ್ರೇಲರನ್ನು ಜಾಗಕ್ಕೆ ಹಿಂದಕ್ಕೆ ಹಾಕುವ ಕೆಲಸ. ಅದು ನನಗೆ ಬಹಳ ಇಷ್ಟ. ಸ್ಟೀರಿಂಗಿನ ಕೆಳಭಾಗ ಹಿಡಿಯಬೇಕು. ಕೈ ಬಲಕ್ಕೆ ಸರಿದರೆ ಟ್ರೇಲರಿನ ಹಿಂಬದಿ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಅಪ್ಪ ಹಿಂದೆ ನಿಂತು ನಮ್ಮೂರ ಬಸ್ ಕಂಡಕ್ಟರರ ಹಾಗೇ ‘ಬರ್ಲಿ, ಬರ್ಲಿ... ಬರ್ಲಿ... ಹೋಲ್ಡಾನ್!’ ಅಂತಾರೆ. ಪಕ್ಕದ ಸೈಟಿನ ದಂಪತಿ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು. ನಮ್ಮಲ್ಲಿ ಒಂದು ನಿಯಮವಿದೆ. ಕನ್ನಡಿಯಲ್ಲಿ ಅಪ್ಪ ಕಾಣಿಸಲಿಲ್ಲ ಅಂದರೆ ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ಇಷ್ಟು ವರ್ಷದ ಸಂಸಾರದಲ್ಲಿ, ನೌಕರಿ-ಮನೆ ಅಂತ ಓಡಾಡುವಾಗ, ಅವರನ್ನು ಹೀಗೆ ಬಿಡದೆ ನೋಡುತ್ತ ಕೂತದ್ದು ಕಡಿಮೆ. ಅವರೂ ಅಷ್ಟೇ. ನನಗೆ ಸುಸ್ತಾದದ್ದು ನನಗಿಂತ ಮೊದಲು ಈಗ ಅವರಿಗೆ ಗೊತ್ತಾಗುತ್ತೆ. ಅದಕ್ಕೇ ಇದನ್ನು ಮಾರುವುದಕ್ಕೆ ನನಗೆ ಮನಸ್ಸಿಲ್ಲ.

ಒಂದು ಮಾತು ಮಾತ್ರ ನಿನಗೆ ಕೊಡುತ್ತೇನೆ. ಯಾವತ್ತೂ ನಿಲ್ಲಿಸುವುದೇ ಇಲ್ಲ ಅಂತ ನಾವು ಹಟ ಹಿಡಿದಿಲ್ಲ. ನಾನು ಕೆಳಗೆ ಕೂತು ಪಿನ್ ನೋಡಲಾರದೆ ಹೋದರೆ, ಇಬ್ಬರಲ್ಲಿ ಒಬ್ಬರಿಗೆ ಗಾಡಿ ಓಡಿಸುವುದು ಆಗದೆ ಹೋದರೆ, ಆವತ್ತೇ ಟ್ರೇಲರ್ ಮಾರುತ್ತೇವೆ. ಅಪ್ಪನೂ ಒಪ್ಪಿದ್ದಾರೆ. ಹೊರಡುವ ದಿನ ಬೆಳಿಗ್ಗೆಯೇ ದಾರಿ ಯಾವುದು, ಸಿಗ್ನಲ್ ಎಲ್ಲಿರಲ್ಲ, ಎಷ್ಟು ಹೊತ್ತಿಗೆ ಸೇರುತ್ತೇವೆ ಅಂತ ನಿನಗೆ ಕಳಿಸುತ್ತೇನೆ. ಸೇರಿದ ಕಡೆ ಟ್ರೇಲರ್ ನಿಲ್ಲಿಸಿ ಜ್ಯಾಕ್ ಇಳಿಸಿದ ತಕ್ಷಣ ಇನ್ನೊಂದು ಮೆಸೇಜ್. ನಡುವೆ ಫೋನ್ ಹಿಡಿದು ಕೂರಬೇಡ.

ಮುಂದಿನದು ಜಾಯನ್ ಪಾರ್ಕು. ಹತ್ತಿರದ ದಾರಿಯಲ್ಲಿ 1930ರಲ್ಲಿ ತೆರೆದ ಸುರಂಗವಿದೆ, ನಮ್ಮಂಥ ದೊಡ್ಡ ಗಾಡಿಗೆ ಅದು ಇಕ್ಕಟ್ಟು. ಹಾಗಾಗಿ ಕ್ಯಾನಬ್ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತೇವೆ. ನೀನು ರಜೆ ಹಾಕಿ ಲಾಸ್ ವೇಗಸ್‌ಗೆ ಬಂದಿಳಿ. ಅಲ್ಲಿಂದ ಕಾರಿನಲ್ಲಿ ಮೂರು ಗಂಟೆ. ಎರಡು ದಿನ ಜಾಯನ್ನಿನಲ್ಲಿ ಇರೋಣ, ಆಮೇಲೆ ನಮ್ಮ ಜೊತೆ ನೆವಾಡಾದ ವ್ಯಾಲಿ ಆಫ್ ಫೈರ್‌ವರೆಗೆ ಬಾ. ಆ ದಿನ ಪಿನ್ ನೋಡುವ ಕೆಲಸ ನಿನಗೇ ಕೊಡುತ್ತೇನೆ. ಬರುವಾಗ ಸಾರಿನ ಪುಡಿ, ಒಂದು ಪ್ಯಾಕೆಟ್ ಫಿಲ್ಟರ್ ಕಾಫಿ ಪುಡಿ ತಾ. ಎರಡೂ ತಳ ಕಾಣುತ್ತಿವೆ.

ಇಂತಿ ನಿನ್ನ
ಅಮ್ಮ