‘..’ ಅಳಿಸಲು ಕಲಿಸಿದವರಿಗೆ

ನಮ್ಮ ಸಿ ಪ್ರೋಗ್ರಾಮಿನ ಫೈಲ್ ಪಾತ್ (ಫೈಲಿರುವ ದಾರಿ) ಚೊಕ್ಕ ಮಾಡುವ ಫಂಕ್ಷನ್ ತಿದ್ದಿಕೊಟ್ಟ, ಹೆಸರು ಹೇಳದ ಮಹನೀಯರಿಗೆ ಶಿರಸಿಯಿಂದ ವಂದನೆಗಳು. ‘/ಶಿರಸಿ/./ಬನವಾಸಿ/../ಯಾಣ’ ಈಗ ‘/ಶಿರಸಿ/ಯಾಣ’ ಆಗುತ್ತದೆ: ‘.’ ಅಂದರೆ ಇದೇ ಫೋಲ್ಡರ್, ‘..’ ಅಂದರೆ ಒಂದು ಮೆಟ್ಟಿಲು ಮೇಲಿನದು.

ತಪ್ಪಿದ್ದದ್ದು ಅಕ್ಷರಗಳ ಸಾಲನ್ನು ನಕಲಿಸುವ ಸ್ಟ್ರ್‌ಕಾಪಿಯಲ್ಲಿ. ನಕಲಿನ ಮೂಲವೂ ಗುರಿಯೂ ಒಂದೇ ಬಫರಿನಲ್ಲಿ (ಮೆಮೊರಿಯ ತುಣುಕಿನಲ್ಲಿ) ಒಂದರ ಮೇಲೊಂದು ಬೀಳುವ ಕಡೆ ಅದು ಕೂಡದು, ಅಂಥದ್ದನ್ನೂ ಸರಿಯಾಗಿ ನಕಲಿಸುವ ಮೆಮ್‌ಮೂವ್ ಬೇಕು. ಸ್ಟ್ರ್‌ಲೆನ್ (ಸಾಲಿನ ಉದ್ದ ಅಳೆಯುವ ಫಂಕ್ಷನ್) ಎಣಿಸದ, ಸಾಲು ಮುಗಿಯಿತೆಂದು ತೋರುವ ಕೊನೆಯ ಸೊನ್ನೆ ಬೈಟನ್ನೂ ಸೇರಿಸಿ ನಕಲಿಸಬೇಕು.

ಅದಕ್ಕಿಂತ ನೀವು ಬರೆದ ಟೆಸ್ಟುಗಳೇ ದೊಡ್ಡ ಉಪಕಾರ: ‘/..’ ಬರೀ ‘/’ (ಎಲ್ಲಕ್ಕೂ ಮೇಲಿನ ಫೋಲ್ಡರ್) ಆಗಬೇಕು, ‘../../ಯಾಣ’ ಹಾಗೇ ಉಳಿಯಬೇಕು. ಕನ್ನಡ ಹೆಸರಿದ್ದರೆ ಪಾತ್ ತಪ್ಪಾಗಿ ತುಂಡಾದೀತೆಂಬ ಭಯವೂ ಹೋಯಿತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಯಾಣ’ 9 ಬೈಟ್, ಆದರೆ ಅದರೊಳಗೆ ಓರೆಗೆರೆಯ (‘/’) ಬೈಟ್ ಬರುವುದೇ ಇಲ್ಲ.

ನಡುವೆ ಸಿಂಬಾಲಿಕ್ ಲಿಂಕ್ (ಬೇರೆ ಫೋಲ್ಡರಿಗೆ ಕೈ ತೋರುವ ಹೆಸರು) ಇದ್ದರೆ ಮಾತ್ರ ‘..’ ಅಳಿಸಿದಲ್ಲಿ ಬೇರೆಯೇ ಫೋಲ್ಡರಿಗೆ ಹೋಗಬಹುದು. ಅಲ್ಲಿ ನೀವು ಹೇಳಿದಂತೆ, ಲಿಂಕುಗಳನ್ನು ಬಿಡಿಸಿ ನಿಜವಾದ ದಾರಿ ಕೊಡುವ ರಿಯಲ್‌ಪಾತ್ ಹಾಕಿದ್ದೇವೆ. ಅದಕ್ಕೋ, ದಾರಿಯ ಫೋಲ್ಡರುಗಳು ಡಿಸ್ಕಿನಲ್ಲಿ ನಿಜಕ್ಕೂ ಇರಬೇಕು.